ಇಂಗುಗುಂಡಿಗೆ ಮುಚ್ಚಿದ ಕಲ್ಲು

ಸಿಮೆಂಟ್ ಸ್ಲ್ಯಾಬು, ಕಬ್ಬಿಣದ ಮುಚ್ಚಳ, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರ ಕೊಟ್ಟೆ. ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ, ಅದಕ್ಕೇ ಕಾರಣ ಬರೆಯುತ್ತಿದ್ದೇನೆ.

ಸೇಡಂ ಕಡೆಯಿಂದ ಪುಣೆಗೆ ಬಂದು, ಮೂವತ್ತು ವರ್ಷ ಮಂದಿಯ ಮನೆಯ ನೆಲಕ್ಕೆ ಪರಸಿ ಕಲ್ಲು ಹಾಸಿ, ಧನಕವಡಿಯಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ಮಾಳಿಗೆಯ ಮಳೆನೀರು ನೆಲಕ್ಕೆ ಇಂಗಿಸಿದರೆ ಪಾಲಿಕೆಯವರು ಮನೆ ತೆರಿಗೆಯಲ್ಲಿ ರಿಯಾಯ್ತಿ ಕೊಡುತ್ತಾರೆ. ಬರೀ ಅರ್ಜಿ ಸಾಲದು, ಬಂದು ನೋಡುತ್ತಾರೆ, ಗುಂಡಿ ತೆರೆದು ತೋರಿಸಬೇಕು. ಅಂಗಳದಲ್ಲಿ ಎಂಟಡಿ ಆಳದ ಗುಂಡಿ ತೋಡಿಸಿ, ತಳಕ್ಕೆ ಒಂದಡಿ ಜಲ್ಲಿ ಹಾಕಿಸಿದೆ.

"ಕಾಕಾ, ಮ್ಯಾಲೆ ಸ್ಲ್ಯಾಬ್ ಹಾಕಿ ಕಬ್ಬಿಣದ ಮುಚ್ಚಳ ಕೂಡಸ್ರಿ" ಅಂದ ಪ್ಲಂಬರ್.

"ಪರಸಿ ಹಾಸಾಂವಗ ಮುಚ್ಚಳ ಮಾರತಿಯೇನೋ?"

"ಹಂಗಾದ್ರ ಕಲ್ಲಿನ ಕೆಳಗ ಎರಡು ಕಬ್ಬಿಣದ ಆಂಗಲ್ ಪಟ್ಟಿ ಆದ್ರೂ ಹಾಕ್ರಿ."

ಅದನ್ನೂ ಹಾಕಲಿಲ್ಲ. ಯಾವುದೋ ಕೆಲಸದಲ್ಲಿ ಉಳಿದ ಎರಡು ಶಹಾಬಾದಿ ಕಲ್ಲುಗಳನ್ನು ಪಕ್ಕಪಕ್ಕ ಮುಚ್ಚಿದೆ. ತಪಾಸಣೆಗೆ ಎತ್ತಲು ಹಗುರಾಗಲಿ ಅಂತ ತೆಳ್ಳನೆಯವನ್ನೇ ಆರಿಸಿದ್ದೆ.

ಮೊದಲ ದೊಡ್ಡ ಮಳೆಗೆ ಗುಂಡಿ ಕಲ್ಲಿನ ಮಟ್ಟಕ್ಕೆ ತುಂಬಿತು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಐದು ವರ್ಷದ ಮೊಮ್ಮಗಳು ಆ ಕಲ್ಲುಗಳ ಮೇಲೆ ಒಂಟಿಗಾಲಲ್ಲಿ ಕುಪ್ಪಳಿಸುತ್ತ ಆಡುತ್ತಿದ್ದಳು. ಟಣ್, ಟಣ್. ಆಮೇಲೆ ದಬ್.

ಗಟ್ಟಿ ಶಹಾಬಾದಿ ಗಂಟೆಯ ಹಾಗೆ ನುಡಿಯುತ್ತದೆ. ಪದರು ಬಿಟ್ಟದ್ದು ಒಡಕು ಗಡಿಗೆಯ ಹಾಗೆ. ಸದ್ದು ಕೇಳಿಯೇ ಕಲ್ಲು ಆರಿಸಿದ ಕಿವಿ ನನ್ನದು. ನೋಡಿದೆ: ಅವಳ ಪಾದದ ಕೆಳಗೆ ಕಲ್ಲಿನ ಉದ್ದಕ್ಕೂ ಸಣ್ಣ ಬಿರುಕು, ಅದರಲ್ಲಿ ನೀರು ಜಿನುಗುತ್ತಿತ್ತು.

ಕೂಗಿದರೆ ಬೆಚ್ಚಿ ಜಿಗಿಯುತ್ತಾಳೆ. ಓಡಿಹೋದರೆ ಆಟವೆಂದು ಕುಣಿಯುತ್ತಾಳೆ. 

"ನಮ್ಮವ್ವ, ಅಲ್ಲೇ ಕೂಡು. ಮೆಲ್ಲಕ ಅಂಬೆಗಾಲಿಲೆ ಮುತ್ಯಾನ ಕಡೆ ಬಾ. ಚಾಕಲೇಟ್ ಕೊಡತೀನಿ."

"ಎಷ್ಟು?"

"ಒಂದು" ಅಂದೆ. ನೋಡಿ, ಜೀವ ಬಾಯಿಗೆ ಬಂದಾಗಲೂ ಬಾಯಿಯ ಚಟ!

"ಒಲ್ಲೆ. ನಾಕು."

"ನಾಕ್ಯಾಕ, ಡಬ್ಬೀನ ಕೊಡತೀನಿ ಬಾ."

ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಸುಳ್ಳ! ಮುತ್ಯಾ ಎಂದೂ ಡಬ್ಬಿ ಕೊಡಂಗಿಲ್ಲ."

ಕಲ್ಲು ಮತ್ತೆ ಚಿರಕ್ ಎಂದಿತು.  ಅವಳು ನಂಬುವ ದರಕ್ಕೆ ಇಳಿಯದೆ ಗತಿಯಿರಲಿಲ್ಲ.

"ಆತು. ಮೂರು. ಜಾಸ್ತಿ ಕೇಳಬ್ಯಾಡ ನೋಡು" ಎಂದು ಗದರಿಸಿದ ಹಾಗೆ ಮಾಡಿದೆ.

ಆಗ ನಂಬಿದಳು. ಕೂತಳು, ಅಂಬೆಗಾಲಿಟ್ಟು ಬಂದಳು. ನಾನು ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಅವಳ ಫ್ರಾಕು ಹಿಡಿದು ಎಳೆದುಕೊಂಡೆ. ಅವಳನ್ನು ಮನೆಯೊಳಗೆ ಬಿಟ್ಟು ಬಂದು ಹಾರೆಯಿಂದ ಕಲ್ಲಿಗೆ ಒಂದೇ ಪೆಟ್ಟು ಹಾಕಿದೆ. ಎರಡು ಹೋಳಾಗಿ ಗುಳುಂ ಎಂದು ಮುಳುಗಿತು.

"ಯಾಕ್ರಿ, ಮಾರಿ ಹಿಂಗ ಬಿಳಚ್ಯಾದ?" ಎಂದು ಹೆಂಡತಿ ಓಡಿ ಬಂದಳು. ಗುಂಡಿಯ ಕಡೆ ಬೆರಳು ತೋರಿಸಿದೆ.  ಅವತ್ತೇ ಗಾರೆ ಕೆಲಸದ ಗೌಂಡಿಯನ್ನು ಕರೆಸಿ, ಅವನು ಹೇಳಿದ ದರಕ್ಕೇ ಸ್ಲ್ಯಾಬು, ಮುಚ್ಚಳ ಕೂಡಿಸಲು ಹೇಳಿದೆ.

ನೀವೂ ಗುಂಡಿ ತೋಡಿಸುತ್ತಿದ್ದರೆ ಕೇಳಿ. ಪೈಪಿನಲ್ಲಿ, ಜಲ್ಲಿಯಲ್ಲಿ, ಕೂಲಿಯಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ, ದರ ಬೇಕಿದ್ದರೆ ನಾನೇ ಹೇಳಿಕೊಡುತ್ತೇನೆ. ಮುಚ್ಚಳದಲ್ಲಿ ಬೇಡ. ಸರಳು ಹಾಕಿದ ಸ್ಲ್ಯಾಬು ಹಾಕಿಸಿ, ಮುಚ್ಚಳಕ್ಕೆ ಕೀಲಿ ಜಡಿಸಿ. ಈಗಾಗಲೇ ಬರೀ ಕಲ್ಲು ಮುಚ್ಚಿದ್ದರೆ ಅದರ ಮೇಲೆ ನಿಂತು ಪರೀಕ್ಷೆ ಮಾಡಬೇಡಿ. ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನು ಒಳಗೆ ಕರೆದು, ಇವತ್ತೇ ಗೌಂಡಿಗೆ ಫೋನ್ ಮಾಡಿ.