ಕಿಟ್ಟಾಚಾರಿಯ ಒಂದು ರೈಡು

ಕೃಷ್ಣಮೂರ್ತಿ ಎಂದು ಕೇಳಿದರೆ ದೇವಲಾಪುರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಿಟ್ಟಾಚಾರಿ ಅನ್ನಬೇಕು. ಕಬ್ಬಿಣದ ಕೆಲಸದ ಮನೆತನ. ಅಂಗಡಿಗಳಿಗೆ ರೆಡಿಮೇಡ್ ಕುಡುಗೋಲು, ಗುದ್ದಲಿ ಬಂದ ಮೇಲೆ ಅವನ ಕುಲುಮೆ ತಣ್ಣಗಾಯಿತು. ಈಗ ಬಸ್ ಸ್ಟ್ಯಾಂಡಿನ ಹಿಂದಿರುವ ವೆಲ್ಡಿಂಗ್ ಶಾಪಿನಲ್ಲಿ ಕೂತು ಯಾರದೋ ಮನೆಯ ಗೇಟಿಗೆ ರೆಡ್ ಆಕ್ಸೈಡ್ ಬಳಿಯುತ್ತಾನೆ. ಅರವತ್ತು ದಾಟಿದೆ. ಬಲ ಮಂಡಿ ಮಡಚುವುದಿಲ್ಲ. ಇಷ್ಟೇ ಆಗಿದ್ದರೆ ಅವನ ಬಗ್ಗೆ ಬರೆಯುವುದಕ್ಕೇನೂ ಇರಲಿಲ್ಲ, ಇಂಥವರು ಊರೂರಿಗೂ ಇದ್ದಾರೆ. ಆದರೆ ಕಿಟ್ಟಾಚಾರಿ ಒಂದು ರೈಡು ಮಾಡಿದ್ದ.

ಎಂಬತ್ತರ ದಶಕದ ಕೊನೆ. ದೇವಲಾಪುರದ ಬಯಲಲ್ಲಿ ಕಬಡ್ಡಿ ಫೈನಲ್. ಎದುರಿಗೆ ತೊಣ್ಣೂರಿನ ತಂಡ, ಏಳಕ್ಕೆ ಏಳೂ ಜನ ಕಣದಲ್ಲಿದ್ದರು. ದೇವಲಾಪುರ ನಾಲ್ಕು ಪಾಯಿಂಟು ಹಿಂದೆ. ಕೊನೆಯ ರೈಡಿಗೆ ಕಿಟ್ಟಾಚಾರಿ ಉಸಿರು ಕಟ್ಟಿ ನುಗ್ಗಿದ. ತೊಣ್ಣೂರಿನ ಕುಳ್ಳಯ್ಯ ಅವನ ಕಾಲು ಹಿಡಿದು ಬಿದ್ದ. ಆ ಕುಳ್ಳಯ್ಯನ ಕೈಗೆ ಕಾಲು ಸಿಕ್ಕರೆ ಮುಗಿಯಿತು ಎಂದು ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೂ ಮಾತಿತ್ತು. ಅವನ ಹಿಂದೆಯೇ ಇನ್ನೂ ನಾಲ್ವರು ಮೈಮೇಲೆ ಬಿದ್ದರು. ಕಿಟ್ಟಾಚಾರಿ ಐವರನ್ನೂ ಎಳೆದುಕೊಂಡು ಬಂದು ನಡುಗೆರೆ ಮುಟ್ಟಿದ. ಐವರೂ ಔಟು. ಊರು ಗೆದ್ದಿತು.

ಆಮೇಲೆ ಅವನು ಆಡಿದ್ದು ಎರಡೇ ವರ್ಷ. ಜಿಲ್ಲಾ ತಂಡದವರು ಕರೆಯಲಿಲ್ಲ, ಮಂಡಿ ಹೋಯಿತು, ಕೆಲಸ ಹೋಯಿತು. ಟೀ ಅಂಗಡಿಯಲ್ಲಿ ಆ ರೈಡನ್ನು ಹೇಳಿಕೊಂಡೇ ಅವನು ಮುದುಕನಾದ.

ಈಗ ಊರಿನ ಯುವಕ ಸಂಘದವರು ಮೈದಾನಕ್ಕೆ ಹೊಸ ಮ್ಯಾಟ್ ತಂದಿದ್ದರು. ಪಕ್ಕದ ಗೋಡೆಯ ಮೇಲೆ ‘ನಮ್ಮ ನೆಲ ಕಂಡ ಶ್ರೇಷ್ಠ ರೈಡರ್’ ಎಂದು ಒಬ್ಬನ ಹೆಸರು, ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಹೊಸ ಹುಡುಗರೆಲ್ಲ ಅಭಿಲಾಷ್ ಎಂದರು. ಅವನು ಇದೇ ಊರಿನವನು. ರಾಜ್ಯದಲ್ಲೆಲ್ಲ ಮ್ಯಾಟ್ ಮೇಲೆ ಆಡಿ ಬಂದವನು. ಅವನ ರೈಡುಗಳ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಟೀ ಅಂಗಡಿಯಲ್ಲಿ ಜಗಳ ಹತ್ತಿತು.

“ಅಲ್ಲಾ ಆಚಾರ್ರೇ,” ಎಂದ ಸಂಘದ ಅಧ್ಯಕ್ಷ ಪುಟ್ಟರಾಜು. “ನಿಮ್ ಕಾಲ್ದಲ್ಲಿ ಉಸ್ರು ಇರೋಗಂಟ ಒಳ್ಗೇ ತಿರುಗ್ಬೋದಾಗಿತ್ತು. ಈಗ ಮೂವತ್ತು ಸೆಕೆಂಡು ಅಷ್ಟೇಯ. ಅಷ್ಟ್ರೊಳ್ಗೆ ಮುಟ್ಬುಟ್ಟು ಬರ್ಬೇಕು. ನೀವಾಗಿದ್ರೆ ಆಗ್ತಿತ್ತಾ?”

“ಉಸ್ರು ಕಟ್ಟೋದು ಬಿಟ್ಟಿ ಬಂದದಾ? ಈಗಿನೋರು ಕಬಡ್ಡಿ ಅನ್ನೋದು ಪಕ್ದಲ್ಲಿರೋ ಸೊಳ್ಳೆಗೂ ಕೇಳಕಿಲ್ಲ. ನಾವು ಬೆಣಚುಕಲ್ಲಿನ ಮ್ಯಾಲೆ ಬೀಳ್ತಿದ್ದೊ ಕಣ್ಲಾ. ಇವ್ರು ಶೂ ಆಕ್ಕೊಂಡು ಆಸ್ಗೆ ಮ್ಯಾಲೆ ಬೀಳ್ತಾವ್ರೆ.”

“ಆಸ್ಗೆ ಮ್ಯಾಲೆ ಬಿದ್ದೇ ನನ್ ಮಂಡಿನೂ ಓಗೈತೆ ತಾತ,” ಎಂದು ಅಭಿಲಾಷ್ ನಕ್ಕ.

ಪುಟ್ಟರಾಜು ಫೋನು ಚಾಚಿದ. “ಅಭಿದು ಇಲ್ಲೈತೆ, ಎಷ್ಟ್ ಸತಿ ಬೇಕಾದ್ರೂ ನೋಡಿ. ನಿಮ್ದೆಲ್ಲೈತೆ?”

“ಊರೇ ನೋಡೈತಲ್ಲೋ!”

“ನೋಡ್ದೋರಲ್ಲಿ ಅರ್ಧ ಸತ್ರು. ಉಳ್ದೋರು ನೀವೇಳಿದ್ದ ಕೇಳಿ ಕೇಳಿ, ನಾವೂ ನೋಡಿದ್ದೊ ಅಂತಾವ್ರೆ.”

ಕಿಟ್ಟಾಚಾರಿಗೆ ಉರಿದುಹೋಯಿತು. “ತೊಣ್ಣೂರಲ್ಲಿ ಕುಳ್ಳಯ್ಯ ಇನ್ನೂ ಅವ್ನೆ. ನನ್ ಕಾಲಿಡ್ದೋನು. ಓಗಿ ಅವ್ನ ಬಾಯಲ್ಲೇ ಕೇಳ್ರಲಾ.”

“ಆಯ್ತು ಬುಡಿ. ಅಭಿ, ನೀನೇ ಕರ್ಕೊಂಡೋಗ್ಲಾ. ನೀನೇ ಕೇಳ್ಕೊಂಡ್ ಬಂದು ನಿಜ ಅಂದ್ರೆ ಗೋಡೆ ಮ್ಯಾಲೆ ಆಚಾರ್ರ ಎಸ್ರು. ಮಾತೇ ಇಲ್ಲ.”

ಮರುದಿನ ಬೆಳಿಗ್ಗೆ ಕಿಟ್ಟಾಚಾರಿ ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ತೊಟ್ಟ. ಹೆಂಡತಿ ವೆಂಕಟಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ಗೋಡೆ ಮ್ಯಾಲೆ ಎಸ್ರು ಬೇಕಂತೆ ಇವ್ರಿಗೆ. ರೇಷನ್ ಕಾರ್ಡಲ್ಲಿರೋ ಎಸ್ರೇ ತಪ್ಪಾಗೈತೆ, ಮೊದ್ಲು ಅದ ಸರಿ ಮಾಡ್ಸಿ.” ಅವನು ಮಡಚದ ಕಾಲನ್ನು ಚಾಚಿಕೊಂಡು, ಅಭಿಲಾಷನ ಬೈಕಿನ ಹಿಂದೆ ಕೂತ.

ಕುಳ್ಳಯ್ಯ ಸಿಕ್ಕಿದ್ದು ತೊಣ್ಣೂರಿನ ಪಕ್ಕದ ಒಂದು ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅವನು ಕೆಳಗೆ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತ ಕೂತಿದ್ದ. ಕಾಲು ಹಿಡಿದರೆ ಬಿಡದಿದ್ದ ಆ ಕೈಗಳು ಈಗ ಒಣಗಿದ ಕಡ್ಡಿಗಳಂತಿದ್ದವು.

“ಯಾರ್ಲಾ ಅದು, ಆಚಾರಿಯೇನ್ಲಾ? ಇನ್ನೂ ಸತ್ತಿಲ್ವಾ ನೀನು?”

“ನೀನ್ ಮೊದ್ಲು ಓಗು, ಇಂದ್ಗುಟ್ಟೇ ಬತ್ತೀನಿ.”

ಇಬ್ಬರೂ ನಕ್ಕರು. ಕುಳ್ಳಯ್ಯ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟ. ಅಭಿಲಾಷ್ ನೇರವಾಗಿ ಕೇಳಿದ: “ತಾತ, ದೇವಲಾಪುರದ ಫೈನಲ್ಲಲ್ಲಿ ಇವ್ರು ನಿಮ್ಮೈದು ಜನ್ವ ಎಳ್ಕೊಂಡ್ ಓಗಿದ್ದು ನಿಜವಾ?”

“ನಿಜ ಕಣಪ್ಪ. ನಾನೇ ಕಾಲಿಡ್ದಿದ್ದೆ. ಐದ್ ಜನ್ವೂ ಎಳ್ಕೊಂಡೋದ.”

ಅಲ್ಲಿಗೇ ಎದ್ದು ಬಂದಿದ್ದರೆ ಆಗಿತ್ತು. ಆದರೆ ಹೊಗಳಿಕೆಗಾಗಿ ಅಷ್ಟು ದೂರ ಬಂದವನಿಗೆ ಒಂದು ತುತ್ತು ಸಾಲುವುದಿಲ್ಲ. “ನನ್ನಂಥ ರೈಡರ್ನ ಇನ್ನೊಬ್ನ ನೋಡಿದ್ದೀಯಾ? ಹುಡ್ಗುಂಗೆ ಏಳ್ಲಾ,” ಎಂದ ಕಿಟ್ಟಾಚಾರಿ.

ಕುಳ್ಳಯ್ಯನಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಬಂತು.

“ಅಯ್ಯೋ ಬುಡ್ಲಾ! ಅವತ್ತು ನಮ್ ಒಟ್ಟೆ ನಮ್ಗೇ ಒರಕ್ಕಾಗ್ತಿರ್ನಿಲ್ಲ. ಬೆಳಿಗ್ಗೆ ಬರ್ಬೇಕಾಗಿದ್ದ ಮುಖ್ಯ ಅತಿಥಿ ಮಧ್ಯಾನ ಆದ್ರೂ ಬರ್ನಿಲ್ಲ. ಫೈನಲ್ ಆದ್ಮೇಲೆ ಬಡ್ಸಕ್ಕೆ ಅಂತ ಬಾಡು ಬೇಯ್ಸಿದ್ರಲ್ಲ ನಿಮ್ಮೂರೋರು, ಕೆಟ್ಟೋಯ್ತದೆ ಉಣ್ಕಳಿ ಉಣ್ಕಳಿ ಅಂತ ಕೂರ್ಸುದ್ರು. ಮುದ್ದೆ ಮ್ಯಾಲೆ ಮುದ್ದೆ ನುಂಗ್ದೊ. ಎಲೆ ಎತ್ತೋದ್ರೊಳ್ಗೆ ಕಾರ್ ಬಂತು, ಸೀಟಿ ಊದ್ಬುಟ್ರು. ನಿನ್ ಕಾಲಿಗೆ ಬಿದ್ದೆ ನೋಡು, ಮುದ್ದೆ ಗಂಟ್ಲಿಗೆ ಬಂತು. ಮೂಟೆ ಇದ್ದಂಗೆ ನಿನ್ ಇಂದೆ ಬಂದೆ.”

“ನಮ್ಮೋರೂ ಉಂಡಿದ್ರಲ್ಲೋ!”

“ಉಂಡಿದ್ರು, ಅದುಕ್ಕೇ ನಾಲ್ಕ್ ಪಾಯಿಂಟು ಇಂದೆ ಬಿದ್ದಿದ್ರು. ನೀನ್ ಉಂಡಿದ್ದೇನ್ಲಾ?”

ಕಿಟ್ಟಾಚಾರಿ ಉಂಡಿರಲಿಲ್ಲ. ಅವನ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಎರಡೂ ತಂಡದವರು ಪಂಕ್ತಿಯಲ್ಲಿ ಕೂತಾಗ ಅವನೊಬ್ಬ ಆಚೆ ಹುಣಸೆ ಮರದ ಕೆಳಗೆ ಕೂತು ಬಾಳೆಹಣ್ಣು ತಿಂದಿದ್ದ. ಊರಿಗೆ ಗೆಲುವು ತಂದುಕೊಡಲು ಆಚಾರಿ ಬೇಕು, ಆಚಾರಿಗೆಂದು ಒಂದು ಹಿಡಿ ಸೊಪ್ಪಿನ ಸಾರು ಮಾಡುವುದಕ್ಕೆ ಯಾರಿಗೂ ನೆನಪಾಗಲಿಲ್ಲ ಎಂದು ಆಗ ಹೊಟ್ಟೆ ಉರಿದಿತ್ತು. ಗೆದ್ದ ಮೇಲೆ ಅದನ್ನು ಮರೆತಿದ್ದ. ತೋಳಿನ ಬಲ ಎಂದು ಇಷ್ಟು ವರ್ಷ ತಾನು ನಂಬಿದ್ದು ಖಾಲಿ ಹೊಟ್ಟೆಯ ಬಲ ಎಂದು ಈಗ ಆಲೆಮನೆಯ ಹೊಗೆಯಲ್ಲಿ ಕೂತು ತಿಳಿಯಬೇಕಾಯಿತು.

“ಬ್ಯಾರೆ ಕಡೇಲೂ ಆಡಿದ್ದೊವಲ್ಲ ನಾವು,” ಎಂದ. ಅವನ ದನಿ ತಗ್ಗಿತ್ತು.

“ಆಡಿದ್ದೊ. ಮಾಕವಳ್ಳೀಲಿ ನಿನ್ನ ಮೂರ್ ಸತಿ ಇಡ್ದಾಕಿದ್ದೆ, ಗ್ಯಾಪ್ಕ ಇಲ್ವಾ?” ಕುಳ್ಳಯ್ಯನ ಮಾತಿನಲ್ಲಿ ಕುಹಕವಿರಲಿಲ್ಲ. ಒಲೆಗೆ ಇನ್ನೊಂದು ಹಿಡಿ ಸಿಪ್ಪೆ ತುರುಕಿದ. “ಒಳ್ಳೇ ಆಟಗಾರ ಕಣ್ಲಾ ನೀನು. ಅಂಥೋರು ಊರಿಗೊಬ್ರಿದ್ರು.”

ವಾಪಸು ಬರುವಾಗ ನಾಗಮಂಗಲದ ಹತ್ತಿರ ಅಭಿಲಾಷ್ ಕತ್ತು ತಿರುಗಿಸಿ ಹೇಳಿದ: “ಊಟದ ವಿಚಾರ ನಾನ್ ಕೇಳುಸ್ಕೊಂಡಿಲ್ಲ ತಾತ.”

“ಮುಂದ್ಕೆ ನೋಡ್ಕಂಡು ಓಡ್ಸ್ಲಾ. ಸುಳ್ಳೇಳಿ ನಿನ್ಗೇನ್ ಸಿಕ್ಕದು?”

“ಗೋಡೆ ತಕ್ಕಂಡು ನಾನೇನ್ ಮಾಡ್ಲಿ? ಮುಂದಿನ್ ತಿಂಗ್ಳು ಮಂಡಿ ಆಪ್ರೇಷನ್ನು. ಇನ್ನ ಯಾವ್ ಟೀಮೂ ಕರಿಯಕಿಲ್ಲ. ನನ್ ರೈಡಿನ್ ವಿಡಿಯೋ ಬಂದ್ರೆ ನಾನು ಫೋನ್ ಮಗ್ಚಾಕ್ತೀನಿ.”

ಇಪ್ಪತ್ತನಾಲ್ಕರ ಹುಡುಗ. ಕಿಟ್ಟಾಚಾರಿಗೆ ಅವನ ಬೆನ್ನು ತಟ್ಟಬೇಕೆನಿಸಿತು. ಎತ್ತಿದ ಕೈಯಲ್ಲಿ ಸೀಟಿನ ಕಂಬಿ ಹಿಡಿದ.

ಟೀ ಅಂಗಡಿಯ ಮುಂದೆ ಹುಡುಗರು ಕಾದಿದ್ದರು. ಅಭಿಲಾಷ್ ಬೈಕಿನಿಂದ ಇಳಿಯದೆಯೇ ಕೂಗಿದ: “ನಿಜ ಕಣ್ರಲಾ! ಐದ್ ಜನ್ವೂ ಎಳ್ಕೊಂಡೋದ್ರಂತೆ. ಕುಳ್ಳಯ್ಯನೇ ಒಪ್ಕೊಂಡ.” ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ಕಿಟ್ಟಾಚಾರಿ ಬಾಯಿ ತೆರೆಯುವ ಮೊದಲೇ ಅವನ ಕೈಗೆ ಟೀ ಲೋಟ ಬಂತು, ಹೆಗಲಿಗೆ ಕೈಗಳು ಬಿದ್ದವು. ಆ ಹೊತ್ತು ಅವನಿಗೆ ಸುಮ್ಮನಿರಬೇಕೆನಿಸಿತು. ಸುಮ್ಮನಿದ್ದ.

ಉದ್ಘಾಟನೆಯ ದಿನದ ಹೊತ್ತಿಗೆ ಸುಮ್ಮನಿರಲು ಆಗದಾಗಿತ್ತು. ಗೋಡೆಯ ಮೇಲೆ ತೊಡೆ ತಟ್ಟಿ ನಿಂತ ಒಬ್ಬ ದಪ್ಪ ಮೀಸೆಯ ಗಂಡಸಿನ ಚಿತ್ರ, ಕೆಳಗೆ ಕಿಟ್ಟಾಚಾರಿಯ ಹೆಸರು. ಕೊರಳಿಗೆ ಮಾಲೆ ಬಿತ್ತು, ಕೈಗೆ ಮೈಕ್ ಬಂತು. ಪೆಂಡಾಲಿನ ತುಂಬ ಜನ.

“ನನ್ಗಿಂತ ಅಭಿಲಾಷ್ ದೊಡ್ಡೋನು,” ಎಂದ. ಚಪ್ಪಾಳೆ. “ಚಪ್ಪಾಳೆ ಬ್ಯಾಡಿ, ಕೇಳಿ. ಅವತ್ತು ಅವ್ರೆಲ್ಲ ಒಟ್ಟೆ ಬಿರಿಯಂಗೆ ಬಾಡು ಉಂಡಿದ್ರು. ನಾನೊಬ್ಬ ಉಂಡಿರ್ನಿಲ್ಲ. ಅದುಕ್ಕೇ ಎಳ್ಕೊಂಡ್ ಬಂದೆ. ಬ್ಯಾರೇನಿಲ್ಲ.”

ಹಿಂದಿನ ಸಾಲಿನಿಂದ ಯಾರೋ ಗೊಳ್ಳೆಂದರು, ಆಮೇಲೆ ಪೆಂಡಾಲೇ ನಕ್ಕಿತು, ಶಿಳ್ಳೆ ಹೊಡೆಯಿತು. ಪುಟ್ಟರಾಜು ಮೈಕ್ ಕಿತ್ತುಕೊಂಡ. “ನೋಡ್ರಪ್ಪ, ದೊಡ್ಡೋರು ಅಂದ್ರೆ ಇಂಗಿರ್ಬೇಕು! ಐದ್ ಜನ್ವ ಎಳ್ಕೊಂಡ್ ಬಂದೋರು, ಎಂಗ್ ತಮಾಷೆಯಾಗ್ ಮಾತಾಡ್ತಾವ್ರೆ!”

“ತಮಾಷೆ ಅಲ್ಲ ಕಣ್ಲಾ, ನಿಜ...” ಎಂದ ಕಿಟ್ಟಾಚಾರಿ. ಮೈಕ್ ಇಲ್ಲದ ಮಾತು ಮೊದಲ ಸಾಲಿಗೂ ತಲುಪಲಿಲ್ಲ. ವೇದಿಕೆಯ ತುದಿಯಲ್ಲಿ ನಿಂತಿದ್ದ ಅಭಿಲಾಷನೊಬ್ಬನೇ ನಗಲಿಲ್ಲ. ಅವನು ನೆಲ ನೋಡುತ್ತಿದ್ದ.

ಕಿಟ್ಟಾಚಾರಿ ಮಾಲೆ ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿಯಲು ಹೋದ. ಮೆಟ್ಟಿಲಲ್ಲಿ ಮಂಡಿ ಕೈಕೊಟ್ಟಿತು. ಇಬ್ಬರು ಹುಡುಗರು ಓಡಿ ಬಂದು ಆ ಕಡೆ ಈ ಕಡೆ ತೋಳು ಹಿಡಿದರು. ಫೋಟೋ ತೆಗೆಯಬೇಕು, ಗೋಡೆಯ ಮುಂದೆ ನಿಲ್ಲಬೇಕು ಎಂದರು.

“ಬುಡ್ರಲಾ ನನ್ನ,” ಎಂದು ಅವನು ಕೊಸರಿದ.

ಅವರು ಬಿಡಲಿಲ್ಲ.