ಗಣಪತಿಯ ಅಡಿಯ ಸಾಲು

ಮೊನ್ನೆ ಕಪಾಟು ಒರೆಸುವಾಗ ನಮ್ಮ ಮದುವೆ ಕಾಗದ ಸಿಕ್ಕಿತು. ನುಸಿಗುಳಿಗೆಯ ವಾಸನೆ. ನೋಡ್ತಾ ಇದ್ದ ಹಾಗೆ ನಡುವಿನ ಗಣಪತಿ ಸ್ಟಿಕ್ಕರು ಗೋಂದು ಒಣಗಿ ಕೆಳಗೆ ಬಿತ್ತು. ಅದರಡಿ, ನನ್ನ ಹೆಸರಿಗೂ ಹೆಂಡತಿಯ ಹೆಸರಿಗೂ ಮಧ್ಯೆ, ದಪ್ಪಕ್ಷರದಲ್ಲಿ: 'ಇದು ಅನಧಿಕೃತ ಪ್ರತಿ. ನಕಲು ಮಾಡುವುದು ಕಳ್ಳತನ.'

"ಇದೆಂತದು?" ಎಂದಳು ಹೆಂಡತಿ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದಕ್ಕೆ ಎಂತ ಉತ್ತರ ಹೇಳುವುದು, ನೀವೇ ಯೋಚಿಸಿ.

ಕೂಳೂರು ಹೊಳೆಯ ಸಂಕದ ಹತ್ತಿರ, ಊರವರೆಲ್ಲ ಅಬ್ಬಾಸಾಕ ಎಂದು ಕರೆಯುವ ಅಬ್ಬಾಸರ ಡಿಟಿಪಿ ಅಂಗಡಿ ಇತ್ತು. ಆಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಪ್ರತ್ಯೇಕ ಸಾಫ್ಟ್‌ವೇರ್ ಕೊಳ್ಳಬೇಕಿತ್ತು. ಉಳಿದವರೆಲ್ಲ ನಕಲು ಹಾಕಿಕೊಂಡು ಸುಖವಾಗಿದ್ದಾಗ ಅಬ್ಬಾಸಾಕ ಮಾತ್ರ ದುಬೈಯಲ್ಲಿ ದುಡಿದ ದುಡ್ಡು ಸುರಿದು ಅಸಲಿ ತಂದರು. ಅದರ ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುವರು. "ಕದ್ದ ಅಕ್ಷರದಲ್ಲಿ ಮದುವೆ ಕಾಗದ ಮಾಡಬಾರದು ಮಾರಾಯ." ನಕಲು ತಡೆಯಲೆಂದು ಕಂಪೆನಿ ಅದರೊಟ್ಟಿಗೆ ಹೆಬ್ಬೆರಳಷ್ಟು ದೊಡ್ಡ ಕಪ್ಪು ಬಿರಡೆ ಕೊಟ್ಟಿತ್ತು. 'ಲಾಕ್' ಅಂತ ಹೆಸರು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದರೆ ನೀವು ಸಾಚಾ, ಇಲ್ಲದಿದ್ದರೆ ಪ್ರತಿ ಹಾಳೆಯಲ್ಲೂ ಆ ಸಾಲು.

ನನ್ನ ಮದುವೆ ಹತ್ತಿರ ಬಂದಾಗಲೇ ಸಿಡಿಲು ಬಡಿದು ಲಾಕ್ ಸತ್ತಿತು. ಫೋನ್ ಮಾಡಿದರೆ, ದೂರನ್ನು ಬರೆದು ಕಳಿಸಿ ಎಂದಿತು ಕಂಪೆನಿ. ಅಬ್ಬಾಸಾಕ ಗ್ರಾಹಕನ ಹಕ್ಕು, ನ್ಯಾಯ ಎಲ್ಲ ಸೇರಿಸಿ ಅದೇ ಕಂಪ್ಯೂಟರಿನಲ್ಲಿ ಚಂದ ಟೈಪ್ ಮಾಡಿ ಕಳಿಸಿದರು. ಉತ್ತರ ವಕೀಲರಿಂದ ಬಂತು: ನಿಮ್ಮ ದೂರಿನ ಮೇಲೇ ಅನಧಿಕೃತ ಪ್ರತಿ ಎಂದುಂಟು, ನಿಮ್ಮ ಮೇಲೆ ಕ್ರಮ ಯಾಕೆ ತೆಗೆದುಕೊಳ್ಳಬಾರದು?

"ಪಕ್ಕದ ಅಂಗಡಿಯಲ್ಲಿ ಮಾಡಿಸುವ, ಅವರ ನಕಲಿನಲ್ಲಿ ಚೊಕ್ಕ ಬರ್ತದೆ" ಎಂದೆ. ನನಗೆ ಕಾಗದ ಹಂಚುವ ಅವಸರ. ಅಬ್ಬಾಸಾಕ ಒಪ್ಪಲಿಲ್ಲ. ತಮ್ಮ ಪ್ರಿಂಟರಿನಲ್ಲೇ ಒಂದೊಂದಾಗಿ ತೆಗೆದು, ಕೂತು, ಎಲ್ಲದರ ಮೇಲೂ ಗಣಪತಿ ಅಂಟಿಸಿದರು. ಜನ ಹೊಗಳಿದ್ದೇ ಹೊಗಳಿದ್ದು. "ಗಣಪತಿಯನ್ನು ಮೂಲೆಗೆ ತಳ್ಳದೆ ನಡುವಿನಲ್ಲಿ ಕೂರಿಸಿದ್ದಾರೆ ನೋಡು, ಅದು ಸಂಸ್ಕಾರ" ಎಂದರು ನನ್ನ ಸೋದರಮಾವ. ನಾನು ತಲೆಯಾಡಿಸಿದೆ. ಆದರೆ ಅಬ್ಬಾಸಾಕ ಯಾವತ್ತೂ ಕಾಗದದ ಅಡಿಯಲ್ಲಿ ಹಾಕುವ ತಮ್ಮ ಹೆಸರು ನಮ್ಮದರಲ್ಲಿ ಇರಲಿಲ್ಲ.

"ಕಳ್ಳ ಅಂತ ಬರೆದ ಕಾಗದದಲ್ಲಿ ನನ್ನ ಹೆಸರೆಂತಕ್ಕೆ?" ಎಂದಿದ್ದರು. ಮದುವೆಯ ಸಂಭ್ರಮದ ನಡುವೆಯೂ ಆ ಮಾತಿಗೆ ನನಗೆ ಬಹಳ ಬೇಜಾರಾಗಿತ್ತು.

ನಿನ್ನೆ ಕಾಗದ ಹಿಡಿದು ಹೋದೆ. ಅಂಗಡಿಯಲ್ಲಿ ಈಗ ಜೆರಾಕ್ಸು, ರೀಚಾರ್ಜು. ಕನ್ನಡ ಎಲ್ಲರ ಫೋನಿನಲ್ಲೂ ಪುಕ್ಕಟೆ ಉಂಟು. ಆ ಕಂಪೆನಿ ಎಂದೋ ಮುಚ್ಚಿದೆ, ಪೆಟ್ಟಿಗೆ ಮಾತ್ರ ಗಾಜಿನೊಳಗೆ ಹಾಗೆಯೇ ಉಂಟು.

"ಬೇರೆ ಗಣಪತಿ ಉಂಟಾ ಅಬ್ಬಾಸಾಕ?"

ಅವರು ಕನ್ನಡಕ ಏರಿಸಿ ಆ ಸಾಲನ್ನು ನಿಧಾನವಾಗಿ ಓದಿದರು.

"ಮುಚ್ಚುವುದು ಬೇಡ. ದುಡ್ಡು ಕೊಟ್ಟು ತಂದವ ನಾನು. ಪೆನ್ ಕೊಡು."

ಕಾಗದದ ಅಡಿಯಲ್ಲಿ ಬರೆದರು: 'ಮುದ್ರಣ: ಅಬ್ಬಾಸ್, ಕೂಳೂರು.' ಶಾಯಿ ಒಣಗುವ ತನಕ ಅದನ್ನು ನನ್ನ ಕೈಗೆ ಕೊಡಲಿಲ್ಲ.