ಹೇಳದೆ ಹೋದ ಗಂಡಿನ ಮನೆ

ಮದುವೆಯ ಮಾತು ನಡೆಯುವಾಗ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ಕ್ರಮ. ಹೆಣ್ಣನ್ನೇ ಕರೆದುಕೊಂಡು ಹೋಗುವುದು ಕ್ರಮವಲ್ಲ. ಹೇಳದೆ ಕೇಳದೆ ಹೋಗುವುದಂತೂ ಅಲ್ಲವೇ ಅಲ್ಲ. ಅಪ್ಪ ಎರಡನ್ನೂ ಒಂದೇ ದಿನ ಮಾಡಿದರು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಹರಕೆ ಒಪ್ಪಿಸಲು ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ಅಮ್ಮ ತೀರಿಹೋದ ಮೇಲೆ ಅಪ್ಪ ಹೋದಲ್ಲಿಗೆಲ್ಲ ನಾನೂ ಹೋಗಬೇಕಿತ್ತು. ಹಿಂತಿರುಗುವ ಬಸ್ಸು ಅಲ್ಲೇ ಕೆಟ್ಟು ನಿಂತಿತು. ಇನ್ನು ನಾಳೆಯೇ ಎಂದು ಹೇಳಿದ ಡ್ರೈವರ್ ಬಸ್ಸಿನ ಅಡಿಗೆ ಹೋಗಿ ಮಲಗಿದ. ರಿಪೇರಿಗೋ ನಿದ್ದೆಗೋ ತಿಳಿಯಲಿಲ್ಲ. ನನಗೆ ಮಾತು ನಡೆಯುತ್ತಿದ್ದ, ಮುಂದಿನ ವಾರ ಹಿರಿಯರು ನೋಡಲು ಹೋಗಬೇಕಿದ್ದ ಗಂಡಿನ ಮನೆ ಕೊಲ್ಲಮೊಗ್ರಿನಲ್ಲಿರುವುದು ಅಪ್ಪನಿಗೆ ಆಗ ನೆನಪಾಯಿತು.

"ಇಲ್ಲೇ ಹತ್ತಿರ ಉಂಟು" ಎಂದರು.

ಮಧ್ಯಾಹ್ನ ನಡೆಯಲು ಹೊರಟವರು ಮುಟ್ಟಿದ್ದು ಸಂಜೆಗೆ. ನನ್ನ ಚಪ್ಪಲಿ ಅರ್ಧ ದಾರಿಯಲ್ಲೇ ಕಿತ್ತುಹೋಯಿತು.

ಸಂಬಂಧದ ಮಾತು ತಂದವರು ಆ ಮನೆಯವರು ಅನುಕೂಲಸ್ಥರು ಎಂದಿದ್ದರು. ಮುಳಿಹುಲ್ಲು ಹೊದೆಸಿದ ಮಾಡು, ಒಂದು ಕೋಣೆ, ಒಂದು ಜಗಲಿ. ಅನುಕೂಲ ಎಲ್ಲಿದೆಯೆಂದು ಸುತ್ತ ನೋಡಿದೆ. ಹುಡುಗನ ತಾಯಿ ನಾವು ಯಾರೆಂದು ಕೇಳಿ ತಿಳಿದು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಬಂದವರಿಗೆ ನೀರಿನ ಜೊತೆ ಬೆಲ್ಲ ಇಡದ ಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಲ್ಲಿ ಬೆಲ್ಲ ಬರಲಿಲ್ಲ.

"ನನಗೆ ಬೆಲ್ಲ ಆಗುದಿಲ್ಲ, ಪಿತ್ತ" ಎಂದರು ಅಪ್ಪ. ಅವರನ್ನು ಯಾರೂ ಕೇಳಿರಲಿಲ್ಲ.

ಹುಡುಗ ಕಂಬಕ್ಕೆ ಒರಗಿ ನಿಂತೇ ಇದ್ದ. ಮನೆಯಲ್ಲಿದ್ದ ಒಂದೇ ಚಾಪೆಯ ಮೇಲೆ ನಾವು ಕೂತಿದ್ದೆವು.

ರಾತ್ರಿ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. "ನಮ್ಮದು ಆಗಲೇ ಆಯ್ತು" ಎಂದು ತಾಯಿ ನಮಗಿಬ್ಬರಿಗೇ ಬಡಿಸಿದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಎರಡನೇ ಸಲವೂ ಹಾಕಿಸಿಕೊಂಡೆ. ಪಾತ್ರೆ ತೊಳೆಯಲು ಕೂತಾಗ ನೋಡಿದರೆ ಎಂಜಲಾದದ್ದು ನಮ್ಮ ಎರಡು ಬಟ್ಟಲು ಮಾತ್ರ. ಒಲೆಯ ಮೇಲಿನ ಮಡಕೆಯಲ್ಲಿ ಒಂದು ಅಗುಳೂ ಇರಲಿಲ್ಲ. ಚಾಪೆಯಲ್ಲಿ ತಿಗಣೆ ಬೇಕಾದಷ್ಟಿತ್ತು. ಆ ಮನೆಯಲ್ಲಿ ನಮ್ಮ ಹಾಗೆ ಹೊಟ್ಟೆ ತುಂಬ ಉಂಡವು ಅವು ಮಾತ್ರ.

ಬೆಳಿಗ್ಗೆ ಹುಡುಗನ ತಾಯಿ ನನ್ನನ್ನು ಹಿತ್ತಿಲಲ್ಲಿ ಕೂರಿಸಿ ತಲೆ ಬಾಚಿದರು. ಅಮ್ಮ ಹೋದ ಮೇಲೆ ನನ್ನ ತಲೆಗೆ ಇನ್ನೊಬ್ಬರ ಕೈ ತಾಗಿದ್ದು ಅದೇ ಮೊದಲು.

"ಹೇಳಿದ ದಿನಕ್ಕೇ ಬರ್ತಿದ್ರೆ ಬೆಲ್ಲ ಇರ್ತಿತ್ತು ಮಗಾ. ಎರಡು ಕುರ್ಚಿಯೂ ಇರ್ತಿತ್ತು. ಆಚೆ ಮನೆಯವರು ಕೊಡ್ತೇವೆ ಹೇಳಿದ್ರು."

"ನಿನ್ನೆ ನೀವು ಊಟ ಮಾಡ್ಲಿಲ್ಲ ಅಲ್ವಾ?"

ಅವರು ಜಡೆ ಗಟ್ಟಿ ಮಾಡಿ ಕಟ್ಟಿದರು.

"ಈ ಸಂಬಂಧ ನೀನೇ ಬೇಡ ಹೇಳು. ನಾವು ಬೇಡ ಹೇಳಿದ್ರೆ ಹುಡುಗಿಯಲ್ಲಿ ಎಂತದೋ ಐಬು ಉಂಟು ಹೇಳ್ತಾರೆ ಜನ. ನೀವು ಹೇಳಿದ್ರೆ ಐಬು ನಮ್ಮ ಮನೆಯದ್ದು. ಅದು ಹೇಗೂ ಎಲ್ಲರಿಗೂ ಗೊತ್ತುಂಟು."

ನನಗೆ ಆ ಹೆಂಗಸಿನ ಮೇಲೆ ಪ್ರೀತಿ ಬಂದುಬಿಟ್ಟಿತು. ಜೊತೆಗೆ ಸಿಟ್ಟೂ ಬಂತು. ಇಂಥವರ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಮತ್ತೆ ಯಾರ ಮನೆಯಲ್ಲಿರಬೇಕು?

ಹಿಂತಿರುಗಿ ನಡೆಯುವಾಗ ಅಪ್ಪ, "ಬಡತನ ಉಂಟು, ಆದ್ರೆ ಜನ ಚಿನ್ನ. ನೀನು ಎಂತ ಹೇಳ್ತಿ?" ಎಂದು ಕೇಳಿದರು.

"ಬೇಡ."

"ಯಾಕೆ?"

"ನಾನು ಬಂದ್ರೆ ಅವರು ದಿನಾ ನನ್ನ ಬಟ್ಟಲು ತುಂಬಿಸಿ ತಾವು ಹಾಗೇ ಮಲಗ್ತಾರೆ. ಅದನ್ನು ನೋಡ್ತಾ ನನಗೆ ಉಣ್ಲಿಕ್ಕೆ ಆಗುದಿಲ್ಲ."

ಸುಬ್ರಹ್ಮಣ್ಯ ಮುಟ್ಟಿದೆವು. ಬಸ್ಸು ಸರಿಯಾಗಿತ್ತು, ಹತ್ತಿ ಕೂತೆವು. ಕಡಬ ದಾಟಿದ ಮೇಲೆ ಅಪ್ಪ ಹೇಳಿದರು.

"ಅಂಥ ಅತ್ತೆ ಸಿಗುದು ಕಷ್ಟ ಮಗಾ."

ಮುಂದಿನ ವರ್ಷ ನನ್ನನ್ನು ಸುಳ್ಯದ ಹತ್ತಿರ, ಪತ್ತಾಯದ ತುಂಬ ಅಕ್ಕಿ ಇದ್ದ ಮನೆಗೆ ಕೊಟ್ಟರು. ಅಪ್ಪ ಹೇಳಿದ್ದು ಸರಿ. ಸಿಗಲಿಲ್ಲ.